ಕನ್ನಡದ ದಪ್ಪಕ್ಷರ: ಅದರ ಸ್ವರೂಪವೂ ವಿನಿಯೋಗವೂ

ಕನ್ನಡ ಮುದ್ರಣದ ಇತಿಹಾಸವನ್ನು ವಿಚಾರಿಸಿದವರು ಮೊದಲು ಅಚ್ಚಾದ ಪುಸ್ತಕ ಯಾವುದು, ಅದನ್ನು ಅಚ್ಚು ಹಾಕಿಸಿದವರು ಯಾರು, ಅಚ್ಚುಕೂಟವು ಎಲ್ಲಿದ್ದಿತು ಎಂಬ ಸಂಗತಿಗಳನ್ನು ಶ್ರಮಪಟ್ಟು ಸಂಗ್ರಹಿಸಿರುವರು. ಅಚ್ಚಿನ ಅಕ್ಷರದ ಮೈಕಟ್ಟನ್ನು ಕುರಿತ ವಿಚಾರ ಮಾತ್ರ ಅಷ್ಟಾಗಿ ನಡೆದಿಲ್ಲ. ಅದರಲ್ಲಿಯೂ ಅಚ್ಚುಕೂಟದವರು ದಪ್ಪಕ್ಷರವೆಂದು ಕರೆಯುವ ಜಾತಿಯು ಜಾಹೀರಾತಿಗೂ ಲಗ್ನಪತ್ರಿಕೆಗೂ ಸೇರಿದ ಸಾಮಾನ್ಯ ವಸ್ತುವೆಂದೆಣಿಸಲ್ಪಟ್ಟು ವಿದ್ವಾಂಸರ ಗಮನಕ್ಕೆ ಬಾರದೆ ಉಳಿದಿದೆ. ಆದರೆ ಹುಮನಾಬಾದ ಸೀಮೆಯಲ್ಲಿ, ಸೊಲ್ಲಾಪುರ ಹೈದರಾಬಾದುಗಳ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿ ಎಂಬ ಊರಿನ ಹೆಸರನ್ನು ಒಂದು ಹಲಗೆಯ ಮೇಲೆ ದಪ್ಪವಾಗಿ ಬರೆಯಹೊರಟವನಿಗೆ ಎದುರಾಗುವ ತೊಡಕುಗಳು ಕನ್ನಡ ಲಿಪಿಯ ಒಂದೂವರೆ ಸಾವಿರ ವರ್ಷದ ಚರಿತ್ರೆಯೊಡನೆ ಹೆಣೆದುಕೊಂಡಿವೆ. ಆ ತೊಡಕು ಏನೆಂಬುದನ್ನು ತಿಳಿಯಲು ಮೊದಲು ಯೂರೋಪಿನ ದಪ್ಪಕ್ಷರದ ಸಂಗತಿಯನ್ನು ಸ್ವಲ್ಪ ನೋಡಬೇಕು; ಏಕೆಂದರೆ ನಮ್ಮ ನಾಡಿನ ಅಚ್ಚಿನ ಮಾದರಿಯು ಅಲ್ಲಿಂದ ಬಂದದ್ದು.

ರೋಮನ್ ಲಿಪಿಯ ಅಚ್ಚಕ್ಷರಗಳಲ್ಲಿ ಗೆರೆಗಳ ತಲೆಯಲ್ಲಿಯೂ ಕಾಲಿನಲ್ಲಿಯೂ ಒಂದೊಂದು ಕಿರಿಯ ಅಡ್ಡಗೆರೆ ಇರುವುದುಂಟು. ಇದಕ್ಕೆ ಸೆರಿಫ್ ಎಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಈ ಅಡ್ಡಗೆರೆಯು ಕೂದಲೆಳೆಯಷ್ಟು ತೆಳ್ಳಗಾಗಿದ್ದಿತು. ೧೮೧೫–೧೭ರ ಸುಮಾರಿಗೆ ಲಂಡನ್ನಿನಲ್ಲಿ ಅಕ್ಷರಗಳನ್ನು ಎರಕ ಹೊಯ್ಯುತ್ತಿದ್ದ ವಿನ್ಸೆಂಟ್ ಫಿಗ್ಗಿನ್ಸ್ ಎಂಬಾತನು ಈ ಕ್ರಮವನ್ನು ತಲೆಕೆಳಗು ಮಾಡಿ, ಅಡ್ಡಗೆರೆಯನ್ನು ನಿಂತ ಗೆರೆಯಷ್ಟೇ ದಪ್ಪವಾಗಿಸಿ, ಅದರ ತುದಿಗಳನ್ನು ಚೌಕವಾಗಿ ಕತ್ತರಿಸಿದ ಅಕ್ಷರವನ್ನು ಹೊರತಂದನು; ಅದಕ್ಕೆ ಆಂಟೀಕ್ ಎಂದು ಹೆಸರಿಟ್ಟನು. ನೆಪೋಲಿಯನ್ನನು ೧೭೯೮ರಲ್ಲಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಂದಿನಿಂದ ಆ ದೇಶದ ಹೆಸರೇ ಒಂದು ಗೀಳಾಗಿದ್ದ ಕಾಲವದು. ಆದುದರಿಂದ ಈ ಜಾತಿಯ ಅಕ್ಷರಕ್ಕೆ ಕ್ರಮೇಣ ಈಜಿಪ್ಷಿಯನ್ ಎಂಬ ಹೆಸರು ನಿಂತಿತು. ಸ್ಲ್ಯಾಬ್ ಸೆರಿಫ್ ಎಂಬ ಹೆಸರು ಈಚಿನದು. ಕಲ್ಲುಹಾಸಿನಂಥ ಅಡಿಪಟ್ಟಿಯುಳ್ಳದ್ದೆಂದು ಅದರ ಭಾವ. ಇಂಥ ಅಕ್ಷರವು ಹುಟ್ಟಿದುದು ಪುಸ್ತಕಕ್ಕಾಗಿ ಅಲ್ಲ. ಗೋಡೆಗೆ ಅಂಟಿಸುವ ಲಾಟರಿ, ನಾಟಕ, ಹರಾಜುಗಳ ಪ್ರಕಟನೆಗಳನ್ನು ಬೀದಿಯ ಆಚೆಯ ಬದಿಯಿಂದಲೂ ಓದುವಂತೆ ಮಾಡುವುದೇ ಅದರ ಕೆಲಸ.

ಪುಸ್ತಕದೊಳಕ್ಕೆ ಅದು ಪ್ರವೇಶಿಸಿದುದು ೧೮೪೫ರಲ್ಲಿ. ಆ ವರ್ಷ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಎರಕಶಾಲೆಯ ರಾಬರ್ಟ್ ಬೆಸ್ಲಿ ಎಂಬಾತನು ಕ್ಲಾರೆಂಡನ್ ಎಂಬ ಅಕ್ಷರವನ್ನು ಹೊರಡಿಸಿದನು. ಅಡಿಪಟ್ಟಿಯು ನಿಂತ ಗೆರೆಯನ್ನು ಸೇರುವೆಡೆಯನ್ನು ಇದರಲ್ಲಿ ಸ್ವಲ್ಪ ಬಾಗಿಸಿ ಒರಟುತನವನ್ನು ತಗ್ಗಿಸಲಾಗಿತ್ತು. ಸಾಮಾನ್ಯ ಅಕ್ಷರಗಳ ಪಂಕ್ತಿಯ ನಡುವೆಯೇ ಒಂದು ಪದವನ್ನು ಎತ್ತಿ ತೋರಿಸುವುದಕ್ಕೆ ಇದು ಒದಗುತ್ತಿತ್ತು. ವಿನ್ಯಾಸದ ಹಕ್ಕನ್ನು ಕಾನೂನಿನ ಪ್ರಕಾರ ಮೂರು ವರ್ಷಕ್ಕೆ ಕಾದಿರಿಸಿಕೊಂಡಿದ್ದರೂ, ಆ ಅವಧಿ ಕಳೆದೊಡನೆ ಇತರ ಎರಕದವರೆಲ್ಲ ಅದನ್ನು ಅನುಕರಿಸಿದರು. ನಿಘಂಟುಗಳ ಉಲ್ಲೇಖಪದಗಳು ಕ್ಲಾರೆಂಡನ್ನಿಗೆ ಸಹಜವಾದ ನೆಲೆಯಾದುವು. ೧೮೮೪ರಿಂದ ಭಾಗಭಾಗವಾಗಿ ಪ್ರಕಟವಾದ ಆಕ್ಸ್‌ಫರ್ಡಿನ ಮಹಾನಿಘಂಟಿನಲ್ಲಿಯೂ ಪದಗಳ ತಲೆ ಎತ್ತಿ ನಿಂತುದು ಈ ಜಾತಿಯ ಅಕ್ಷರದಿಂದಲೇ.

ಹೀಗೆ ಯೂರೋಪಿನ ದಪ್ಪಕ್ಷರಕ್ಕೆ ಜೀವಾಳವಾದುದು ಗೆರೆಯ ಕೊನೆಯ ಪಟ್ಟಿ. ಅದನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಪೂರ್ತಿಯಾಗಿ ತೆಗೆದುಹಾಕಿದರೂ ಅಕ್ಷರದ ಉಚ್ಚಾರ ಬದಲಾಗುವುದಿಲ್ಲ. ಅದು ಕೇವಲ ಅಲಂಕಾರ. ಕನ್ನಡದ ಅಕ್ಷರಗಳಿಗೆ ಇಂಥ ಕಾಲುಪಟ್ಟಿಯಿಲ್ಲ; ಅವುಗಳ ತಳ ದುಂಡು. ತಳದ ಕೆಳಗೆ ಒತ್ತಕ್ಷರಗಳು ಇಳಿಯುವುದರಿಂದ ರೋಮನ್ ಪಂಕ್ತಿಯಲ್ಲಿ ಕಾಣುವಂಥ ನೇರವಾದ ಅಡಿಗೆರೆಯೂ ಇಲ್ಲಿ ಏರ್ಪಡುವುದಿಲ್ಲ. ಕನ್ನಡದಲ್ಲಿ ಪಟ್ಟಿಯೆಂದು ಹೇಳಬಹುದಾದುದು ಒಂದೇ ಒಂದು. ಅದು ತಲೆಯ ಮೇಲಿರುವ ತಲಕಟ್ಟು. ಇದರ ಚರಿತ್ರೆಯು ಕುತೂಹಲಕರವಾದುದು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಬಳಿಯ ತಾಳಗುಂದದಲ್ಲಿ ಕದಂಬ ಶಾಂತಿವರ್ಮನ ಕಾಲದ, ಐದನೆಯ ಶತಮಾನದ ಒಂದು ಸ್ತಂಭಶಾಸನವಿದೆ. ಅದರ ಸಂಸ್ಕೃತ ಶ್ಲೋಕಗಳನ್ನು ರಚಿಸಿದ ಕವಿ ಕುಬ್ಜನು ತಾನೇ ಕಲ್ಲಿನ ಮೇಲೆ ಬರೆದನೆಂದು ಶಾಸನವೇ ಹೇಳುತ್ತದೆ. ಆ ಅಕ್ಷರಗಳ ತಲೆಯಲ್ಲಿ ಒಂದೊಂದು ಚೌಕದ ಗಂಟು ಇದೆ. ಲಿಪಿಶಾಸ್ತ್ರಜ್ಞರು ಇದನ್ನು ಪೆಟ್ಟಿಗೆದಲೆಯ ಲಿಪಿಯೆಂದು ಕರೆಯುತ್ತಾರೆ. ವಾಕಾಟಕರ ತಾಮ್ರಪಟಗಳಲ್ಲಿ ಇದೇ ಪೆಟ್ಟಿಗೆ ಕೆಲವೆಡೆ ಟೊಳ್ಳಾಗಿಯೂ ಕೆಲವೆಡೆ ಗಟ್ಟಿಯಾಗಿಯೂ ಕಾಣುತ್ತದೆ. ಗಟ್ಟಿಯಾದ ಚೌಕವನ್ನು ತಲೆಯ ಮೇಲೆ ಹೊತ್ತ ಈ ಅಕ್ಷರಗಳನ್ನು ಫಿಗ್ಗಿನ್ಸನ ಅಕ್ಷರಗಳ ಪಕ್ಕದಲ್ಲಿಟ್ಟರೆ, ದಪ್ಪಪಟ್ಟಿಯ ಅಲಂಕಾರವು ದಕ್ಷಿಣಾಪಥದಲ್ಲಿ ಹದಿಮೂರು ಶತಮಾನಗಳಷ್ಟು ಮೊದಲೇ ಬಳಕೆಗೆ ಬಂದಿದ್ದಿತೆಂದು ಹೇಳಲಡ್ಡಿಯಿಲ್ಲ. ಇಷ್ಟರಿಂದ ಒಂದಕ್ಕೂ ಮತ್ತೊಂದಕ್ಕೂ ನಂಟನ್ನು ಕಲ್ಪಿಸುವುದು ಯುಕ್ತವಲ್ಲ. ಹೋಲಿಕೆ ಮಾತ್ರ ಉಂಟು. ಆ ಕಾಲದ ಪೆಟ್ಟಿಗೆಯೂ ಅಲಂಕಾರವೇ ಆಗಿದ್ದಿತು. ಅದೇ ಅಕ್ಷರಗಳನ್ನು ಪೆಟ್ಟಿಗೆಯಿಲ್ಲದೆ ಕೊರೆದ ಶಾಸನಗಳೂ ಇವೆ, ಓದುವುದರಲ್ಲಿ ವ್ಯತ್ಯಾಸವಿಲ್ಲ.

ಮುಂದಿನ ಐದಾರು ಶತಮಾನಗಳಲ್ಲಿ ಅಕ್ಷರದ ಮೈ ದುಂಡಾಗುತ್ತ ಬಂದಿತು. ತಲೆಯ ಗುರುತು ಬಿಚ್ಚಿಕೊಂಡು ಅಡ್ಡಗೆರೆಯಾಯಿತು. ಕಲ್ಯಾಣದ ಚಾಳುಕ್ಯರ ಆಳಿಕೆಯಲ್ಲಿ ಈ ದುಂಡುತನವು ನೆಲೆಗೊಂಡಿತು. ಅವರ ರಾಜಧಾನಿಯಾದ ಕಲ್ಯಾಣವು ಇಂದಿನ ಬಸವಕಲ್ಯಾಣ. ಮನ್ನಾಏಖೇಳ್ಳಿಯಂತೆಯೇ ಹುಮನಾಬಾದ ಸೀಮೆಗೆ ಸೇರಿದ ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ಬೆನ್ನು ತಿರುಗಿಸಿ ನಿಂತು ಫಲಕದ ಮೇಲೆ ಅಕ್ಷರಗಳನ್ನು ಬರೆಯುತ್ತಿರುವ ಶಾಸನಸುಂದರಿಯ ವಿಗ್ರಹವಿದೆ. ಅವಳು ಬರೆಯುತ್ತಿರುವುದು ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಪ್ರಶಂಸೆಯನ್ನು. ದೇವತೆಗಳೂ ನರ್ತಕಿಯರೂ ನಿಲ್ಲುವ ಸಾಲಿನಲ್ಲಿ ಬರೆಯುವ ಹೆಣ್ಣನ್ನು ನಿಲ್ಲಿಸಿದ ಶಿಲ್ಪಿಗಳಿಗೆ ಅಕ್ಷರವು ಕೇವಲ ಲೆಕ್ಕದ ಗುರುತಾಗಿರಲಿಲ್ಲವೆಂಬುದು ಸ್ಪಷ್ಟ.

ಈ ಪರಿವರ್ತನೆಯಲ್ಲಿ ಒಂದು ಮುಖ್ಯವಾದ ಸಂಗತಿ ನಡೆಯಿತು. ಅಲಂಕಾರವಾಗಿದ್ದ ತಲೆಗುರುತು ವ್ಯಾಕರಣದೊಳಕ್ಕೆ ಸೇರಿಕೊಂಡಿತು. ಇಂದಿನ ಕನ್ನಡದಲ್ಲಿ ‘ಕ’ ಎಂಬುದರ ತಲಕಟ್ಟು ಆ ವ್ಯಂಜನದಲ್ಲಿ ಅಕಾರವಿದೆಯೆಂದು ಹೇಳುತ್ತದೆ. ಗುಡಿಸು ಬಂದರೆ ‘ಕಿ’, ಏತ್ವ ಬಂದರೆ ‘ಕೆ’, ಇಳಿ ಬಂದರೆ ‘ಕಾ’, ಸ್ವರವೇ ಇಲ್ಲದಿದ್ದರೆ ‘ಕ್’. ಈ ಎಲ್ಲ ಕಡೆಗಳಲ್ಲಿಯೂ ತಲಕಟ್ಟು ತೊಲಗಿ ಬೇರೆ ಗುರುತಿಗೆ ಎಡೆಗೊಡುತ್ತದೆ. ಕೊಂಬು, ಕೊಂಬಿನಿಳಿ, ವಟ್ರಸುಳಿಗಳಲ್ಲಿ ಮಾತ್ರ ಅದು ಉಳಿಯುವುದು. ಕಾಗುಣಿತವನ್ನು ಒಪ್ಪಿಸುವ ಮಕ್ಕಳು ತಲಕಟ್ಟಿನಿಂದಲೇ ಆರಂಭಿಸುವುದು ಸರಿಯಾಗಿಯೇ ಇದೆ; ಅದು ಗುಣಿತದ ಮೊದಲ ಚಿಹ್ನೆ. ಖ, ಜ, ಟ, ಣ, ಬ, ಲ ಮುಂತಾದ ಕೆಲವಕ್ಕೆ ತಲಕಟ್ಟು ಇಲ್ಲದಿರುವುದು ಈ ನಿಯಮಕ್ಕೆ ಹಳೆಯ ಅಪವಾದ. ತೆಲುಗಿನಲ್ಲಿಯೂ ತಲಕಟ್ಟುಂಟು, ಆದರೆ ಅಲ್ಲಿ ಅದು ಮೇಲಕ್ಕೆ ಚಿಮ್ಮಿದ ಕೊಕ್ಕೆ, ಕನ್ನಡದಲ್ಲಿ ಬಲತುದಿಯಲ್ಲಿ ಬಾಗಿದ ಅಡ್ಡಗೆರೆ. ಒಂದೇ ಲಿಪಿಯಾಗಿದ್ದ ಎರಡು ಲಿಪಿಗಳನ್ನು ಈಗ ದೂರದಿಂದಲೇ ಬೇರೆಯೆಂದು ತಿಳಿಯುವುದು ಬಹುಮಟ್ಟಿಗೆ ಈ ತಲೆಯ ಭೇದದಿಂದ.

ಆದುದರಿಂದ ಯೂರೋಪಿನ ಎರಕದವನು ಪಟ್ಟಿಯೊಡನೆ ಆಡಿದ ಆಟವನ್ನು ಕನ್ನಡದ ಎರಕದವನು ತಲಕಟ್ಟಿನೊಡನೆ ಆಡುವಂತಿಲ್ಲ. ಅದನ್ನು ಅಳಿಸಿದರೆ ಸ್ವರ ಕೆಡುತ್ತದೆ. ಅತಿಯಾಗಿ ದಪ್ಪ ಮಾಡಿದರೆ ಕೆಳಗಿನ ಮೈಯನ್ನು ಅದು ನುಂಗುತ್ತದೆ.

ಶಿಲೆಗೂ ಅಚ್ಚಿಗೂ ನಡುವೆ ಓಲೆಯ ಯುಗವಿದೆ. ಓಲೆಯಲ್ಲಿ ದಪ್ಪಕ್ಷರವೆಂಬುದು ಸಾಧ್ಯವೇ ಇರಲಿಲ್ಲ. ಕಂಠವು ಗೀರಿದ ಗೆರೆಗೆ ಒಂದೇ ಅಗಲ. ಮಸಿ ತುಂಬಿದರೂ ಅದು ಹೆಚ್ಚುವುದಿಲ್ಲ. ಹಾಗಾದರೆ ಸೂತ್ರವನ್ನು ವೃತ್ತಿಯಿಂದಲೂ ಮೂಲವನ್ನು ಟೀಕೆಯಿಂದಲೂ ಲಿಪಿಕಾರನು ಹೇಗೆ ಬೇರ್ಪಡಿಸುತ್ತಿದ್ದನು? ಪದಗಳಿಂದ. ‘ವೃತ್ತಿ’, ‘ಪ್ರಯೋಗ’, ‘ಟೀಕೆ’ ಎಂದು ಬರೆದೇ ಮುಂದೆ ಸಾಗುತ್ತಿದ್ದನು. ಜೊತೆಗೆ ದಂಡಗಳೂ ಅಂಕಿಗಳೂ ಪುಷ್ಪಚಿಹ್ನೆಗಳೂ ಒದಗುತ್ತಿದ್ದುವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಹುಟ್ಟಿದ ವಚನಗಳು ಓಲೆಯ ಮೇಲೆ ಪಂಕ್ತಿ ಮುರಿಯದೆ ಒಂದೇ ಓಟದಲ್ಲಿ ಸಾಗುತ್ತವೆ. ಒಂದು ವಚನ ಮುಗಿಯಿತೆಂಬುದನ್ನೂ ಅದು ಯಾರದೆಂಬುದನ್ನೂ ಓದುಗನಿಗೆ ತಿಳಿಸುವುದು ಅಂಕಿತ. ಇಂದು ದಪ್ಪಕ್ಷರವು ಕಣ್ಣಿಗೆ ಮಾಡುವ ಸೂಚನೆಯನ್ನು ಅಂಕಿತವು ಕಿವಿಗೆ ಮಾಡುತ್ತಿದ್ದಿತು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ೧೯೨೩ರಲ್ಲಿ ಅಚ್ಚಾಗಿ ಬಂದುದರಿಂದ ಈ ವಾಙ್ಮಯವು ಓಲೆಯಿಂದ ಮೊಳೆಗೆ ದಾಟಿತು. ಆಗಲೂ ಅಂಕಿತದ ಕೆಲಸ ತಪ್ಪಲಿಲ್ಲ.

ದೂರದಿಂದ ಓದಿಸುವ ಅಕ್ಷರವು ಬೀದರ ಪ್ರಾಂತದಲ್ಲಿ ಬೇರೊಂದು ಲಿಪಿಯ ಮೂಲಕವೂ ಬೆಳೆಯಿತು. ೧೪೭೨ರಲ್ಲಿ ಪೂರ್ತಿಯಾದ ಮಹಮೂದ ಗವಾನನ ಮದರಸದ ಹೊರಮೈಯಲ್ಲಿ ಬಣ್ಣದ ಹೆಂಚುಗಳಿಂದ ಜೋಡಿಸಿದ ಅರಬ್ಬಿ ಅಕ್ಷರಗಳ ಪಟ್ಟಿಯು ಕಟ್ಟಡದ ಅಂಗವಾಗಿಯೇ ನಿಂತಿದೆ. ಫಾರಸಿ ಉರ್ದುಗಳ ಬರಹಗಾರರಲ್ಲಿ ಅಗಲವಾದ ಲೇಖನಿಯಿಂದ ಬರೆದ ದೊಡ್ಡ ಅಕ್ಷರಕ್ಕೆ ಜಲಿ ಎಂದೂ ಸಣ್ಣ ಅಕ್ಷರಕ್ಕೆ ಖಫಿ ಎಂದೂ ಹೆಸರುಂಟು. ಅವರಲ್ಲಿ ದಪ್ಪವೆಂಬುದು ಲೇಖನಿಯ ಅಗಲದ ಮಾತು. ಲೇಖನಿ ಅಗಲವಾದರೆ ಅಕ್ಷರದ ಅಳತೆಯೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಅಳತೆ ಬೆಳೆಯದೆ ಮೈ ಮಾತ್ರ ಕೊಬ್ಬುವ ಅಕ್ಷರವು ಎರಕದ ಮೊಳೆಯ ಜೊತೆಗೆ ಬಂದುದು.

ಇನ್ನು ಕನ್ನಡದ ಮೊಳೆ. ವಿಲಿಯಂ ಕೇರಿಯ ಕರ್ಣಾಟಕ ಭಾಷಾವ್ಯಾಕರಣವು ಬಂಗಾಳದ ಶ್ರೀರಾಮಪುರದ ಅಚ್ಚುಕೂಟದಿಂದ ೧೮೧೭ರಲ್ಲಿ ಹೊರಟಿತು. ಫಿಗ್ಗಿನ್ಸನ ಆಂಟೀಕ್ ಹುಟ್ಟಿದುದೂ ಹೆಚ್ಚುಕಡಿಮೆ ಅದೇ ಕಾಲ. ಒಂದು ಕಡೆ ರೋಮನ್ ಅಕ್ಷರವು ಮೂರುವರೆ ಶತಮಾನಗಳ ಅಚ್ಚಿನ ಅನುಭವದ ಮೇಲೆ ನಿಂತು ಹೊಸ ವೇಷ ತೊಡುತ್ತಿದ್ದಿತು. ಇನ್ನೊಂದು ಕಡೆ ಕನ್ನಡದ ಅಕ್ಷರವು ಅಚ್ಚಿನ ಲೋಕದಲ್ಲಿ ಮೊದಲ ಹೆಜ್ಜೆಗಳನ್ನಿಡುತ್ತಿದ್ದಿತು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೊರೆದು, ಅದನ್ನು ತಾಮ್ರದಲ್ಲಿ ಒತ್ತಿ, ಆ ಕುಳಿಯಲ್ಲಿ ಸೀಸವನ್ನು ಹೊಯ್ಯುವುದು ಕ್ರಮ. ರೋಮನ್ನಿಗೆ ದೊಡ್ಡ ಸಣ್ಣ ಅಕ್ಷರಗಳೂ ಅಂಕಿಗಳೂ ಸೇರಿ ನೂರರ ಆಚೀಚೆ ಸಾಕು. ಕನ್ನಡಕ್ಕೆ ಗುಣಿತಾಕ್ಷರಗಳೂ ಒತ್ತುಗಳೂ ಸೇರಿ ಕೆಲವು ನೂರು ಬೇಕು. ಒಂದು ದಪ್ಪದ ಜೊತೆಯನ್ನು ಸಿದ್ಧಮಾಡಬೇಕಾದರೆ ಈ ಎಲ್ಲ ಶ್ರಮವನ್ನೂ ಮತ್ತೊಮ್ಮೆ ಪಡಬೇಕು. ಕನ್ನಡದ ಅಚ್ಚುಕೂಟಗಳಲ್ಲಿ ದಪ್ಪಕ್ಷರದ ಬಗೆಗಳು ವಿರಳವಾಗಿದ್ದುದಕ್ಕೆ ಅಭಿರುಚಿಯ ಕೊರತೆಗಿಂತ ಈ ಲೆಕ್ಕವೇ ಹೆಚ್ಚಿನ ಕಾರಣವೆಂದು ತೋರುತ್ತದೆ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಆರಂಭದಲ್ಲಿ ಹಿಡಿದ ದಾರಿ ಬೇರೆ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಲ್ಲಚ್ಚಿನಲ್ಲಿ ಬರೆದುದೇ ಅಚ್ಚಾಗುವುದರಿಂದ ಶಿರೋನಾಮೆಯನ್ನು ದಪ್ಪ ಮಾಡಲು ಅಗಲವಾದ ಲೇಖನಿಯೊಂದೇ ಸಾಕು. ಮೊಳೆಯ ಅಚ್ಚು ಅಲ್ಲಿ ನೆಲೆಗೊಂಡ ಮೇಲೆ ಬಂದ ಪುಸ್ತಕಗಳಲ್ಲಿ ಕಿಟ್ಟೆಲರ ‘ಶಬ್ದಮಣಿದರ್ಪಣ’ವೂ (೧೮೭೨) ಅವರ ಮಹಾನಿಘಂಟೂ (೧೮೯೪) ವಿದ್ವಾಂಸರಿಗೆ ಪರಿಚಿತವಾದುವು. ನಿಘಂಟಿನಲ್ಲಿ ಕನ್ನಡಪದದ ಪಕ್ಕದಲ್ಲಿ ಅದರ ರೋಮನ್ ರೂಪ, ಆಮೇಲೆ ಇಂಗ್ಲಿಷ್ ಅರ್ಥ. ಇಲ್ಲಿ ಲಿಪಿಯ ಭೇದವೇ ಪದವನ್ನು ಎತ್ತಿ ತೋರಿಸುತ್ತದೆ; ಇಂಗ್ಲಿಷಿನ ಕಡಲಿನಲ್ಲಿ ಕನ್ನಡದ ಪದವು ತಾನಾಗಿಯೇ ತೇಲುತ್ತದೆ. ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ ನಿಘಂಟಿಗೆ ಈ ಸೌಕರ್ಯವಿಲ್ಲ. ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಂಥ ಕೃತಿಯಲ್ಲಿ ಉಲ್ಲೇಖಪದ, ಅರ್ಥ, ಪ್ರಯೋಗ ಎಲ್ಲವೂ ಒಂದೇ ಲಿಪಿ. ದಪ್ಪಕ್ಷರವು ಇಂಥಲ್ಲಿ ಸೌಂದರ್ಯಕ್ಕಾಗಿ ಬರುವುದಿಲ್ಲ, ಅನಿವಾರ್ಯವಾಗಿ ಬರುತ್ತದೆ. ಬೆಸ್ಲಿಯ ಕ್ಲಾರೆಂಡನ್ನಿನ ನಿಜವಾದ ಪ್ರಯೋಜನವು ಕನ್ನಡಕ್ಕೆ ದೊರೆತುದು ಈ ಬಗೆಯ ಕೃತಿಗಳಲ್ಲಿ.

ಗದ್ಯದ ನಡುವೆ ಒಂದು ಮಾತಿಗೆ ಒತ್ತು ಕೊಡಲು ದಪ್ಪಕ್ಷರವನ್ನು ಬಳಸುವ ರೂಢಿಯ ವಿಚಾರ ಹೀಗಲ್ಲ. ಇಂಗ್ಲಿಷಿನವನು ಓರೆಯಕ್ಷರದಿಂದಲೋ ದಪ್ಪಕ್ಷರದಿಂದಲೋ ಮಾಡುವ ಕೆಲಸವನ್ನು ಕನ್ನಡವು ಅವಧಾರಣೆಯ ಏಕಾರದಿಂದ ಮಾಡಿಕೊಳ್ಳುತ್ತದೆ. ‘ಅವನೇ ಬಂದನು’ ಎಂಬಲ್ಲಿ ಒತ್ತು ಮಾತಿನಲ್ಲಿಯೇ ಇದೆ. ‘ಅವನೇ’ ಎಂಬುದನ್ನು ಮತ್ತೆ ದಪ್ಪವಾಗಿ ಅಚ್ಚು ಹಾಕುವುದು ಪುನರುಕ್ತಿ. ಪಠ್ಯಪುಸ್ತಕಗಳಲ್ಲಿ ಪುಟಕ್ಕೆ ಹತ್ತು ಪದಗಳನ್ನು ಕಪ್ಪಗೆ ಮಾಡುವವರು ಇದನ್ನು ಗಮನಿಸುವುದು ಒಳ್ಳೆಯದು. ಓರೆಯಕ್ಷರಕ್ಕಂತೂ ಕನ್ನಡದ ಕೈಬರಹದಲ್ಲಿ ಬೇರೇ ಇಲ್ಲ.

ಕನ್ನಡದ ಅಕ್ಷರವನ್ನು ದಪ್ಪ ಮಾಡುವಾಗ ನಡೆಯುವುದೇನು? ರೋಮನ್ನಿನಲ್ಲಿ ನಿಂತ ಗೆರೆಗಳು ದಪ್ಪ, ಅಡ್ಡಗೆರೆಗಳು ತೆಳು. ಅಚ್ಚಿನ ಕನ್ನಡದಲ್ಲಿ ಸಾಮಾನ್ಯವಾಗಿ ಇದು ವಿಪರೀತ. ತಲಕಟ್ಟಿನಲ್ಲಿಯೂ ದುಂಡಿನ ತಳದಲ್ಲಿಯೂ ದಪ್ಪ ನಿಲ್ಲುತ್ತದೆ, ಬದಿಗಳು ತೆಳ್ಳಗಿರುತ್ತವೆ. ಮೈಗೆ ದಪ್ಪ ಸೇರಿದಂತೆಲ್ಲ ಒಳಗಿನ ಬಯಲು ಮೇಲಿನಿಂದಲೂ ಕೆಳಗಿನಿಂದಲೂ ಕುಗ್ಗುತ್ತದೆ. ಆಗ ಮೊದಲು ಅಪಾಯಕ್ಕೆ ಗುರಿಯಾಗುವುವು ಒಳಬಯಲಿನ ಗುರುತಿನಿಂದಲೇ ಬೇರೆಯಾಗಿ ನಿಂತ ಅಕ್ಷರಗಳು. ‘ರ’ಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ ‘ಠ’. ‘ಧ’ಕಾರದಲ್ಲಿ ಚುಕ್ಕೆಯಿಟ್ಟರೆ ‘ಥ’. ‘ಪ’ಕಾರದ ಒಳಗೆ ಗೆರೆ ಎಳೆದರೆ ‘ಷ’. ಬಯಲು ಮುಚ್ಚಿಹೋದರೆ ಈ ಭೇದಗಳೂ ಮುಚ್ಚಿಹೋಗುತ್ತವೆ. ಮಹಾಪ್ರಾಣದ ಸೀಳು ತಳದಲ್ಲಿರುವುದರಿಂದ ‘ದ’ ‘ಧ’ಗಳಿಗೂ ‘ಡ’ ‘ಢ’ಗಳಿಗೂ ಇದೇ ಗತಿ. ಒಳ್ಳೆಯ ಕೊರೆತಗಾರನು ಬದಿಗೆ ಮೈಯನ್ನು ಹಿಗ್ಗಿಸಿ ಬಯಲನ್ನು ಉಳಿಸುತ್ತಾನೆ. ಕನ್ನಡದ ದಪ್ಪಕ್ಷರವು ಅಗಲವಾಗಿರುವುದು ಇದಕ್ಕಾಗಿ.

ಈಗ ಮನ್ನಾಏಖೇಳ್ಳಿಯ ಹೆಸರಿಗೆ ಬರಬಹುದು. ಈ ಹೆಸರಿನಲ್ಲಿ ಐದು ಅಕ್ಷರಗಳು: ಮ, ನ್ನಾ, ಏ, ಖೇ, ಳ್ಳಿ. ತಲಕಟ್ಟು ಇರುವುದು ಮೊದಲನೆಯದೊಂದಕ್ಕೆ. ‘ನ್ನಾ’ದಲ್ಲಿ ಇಳಿಯು ಅದರ ಸ್ಥಾನವನ್ನು ಪಡೆದಿದೆ, ಕೆಳಗೆ ಒತ್ತು ತೂಗುತ್ತದೆ. ‘ಏ’ ಸ್ವರಾಕ್ಷರ, ಪದದ ನಡುವೆ ಯಕಾರವನ್ನು ತಾರದೆ ಸ್ವರವನ್ನು ಹಾಗೆಯೇ ನಿಲ್ಲಿಸುವುದು ಕನ್ನಡದ ಸಂಧಿಕ್ರಮಕ್ಕೆ ಅಪರೂಪ, ಬಹುಭಾಷೆಯ ಗಡಿನಾಡಿನ ಹೆಸರುಗಳಲ್ಲಿ ಇಂಥವು ಆಶ್ಚರ್ಯವಲ್ಲ. ‘ಖೇ’ಕಾರದ ಮೂಲದಲ್ಲಿಯೇ ತಲಕಟ್ಟಿಲ್ಲ, ಮೇಲೆ ಏತ್ವ, ಬದಿಯಲ್ಲಿ ದೀರ್ಘ. ‘ಳ್ಳಿ’ಯಲ್ಲಿ ಗುಡಿಸೂ ಒತ್ತೂ ಒಟ್ಟಿಗಿವೆ. ಹೀಗಾಗಿ ರೋಮನ್ನಿನಲ್ಲಿ ಈ ಹೆಸರನ್ನು ಪಟ್ಟಿಯ ಅಕ್ಷರದಲ್ಲಿ ಬರೆದರೆ ಪ್ರತಿಯೊಂದು ಗೆರೆಯೂ ಒಂದೇ ಸಾಲಿನ ಸಿಪಾಯಿಗಳಂತೆ ನಿಲ್ಲುತ್ತದೆ. ಕನ್ನಡದಲ್ಲಿ ತಲೆಯ ಪಟ್ಟಿ ಒಂದೇ ಕಡೆ ಕಾಣಿಸಿ ಮರೆಯಾಗುತ್ತದೆ, ದಪ್ಪವೆಲ್ಲ ಸುರುಳಿಗಳ ಮೇಲೂ ಒತ್ತುಗಳ ಮೇಲೂ ಬೀಳುತ್ತದೆ. ಒತ್ತನ್ನು ಮೇಲಿನ ಅಕ್ಷರದಷ್ಟೇ ದಪ್ಪ ಮಾಡಿದರೆ ಅದರ ಆಕಾರ ಕೆಡುವುದು. ತೆಳುವಾಗಿ ಬಿಟ್ಟರೆ ದೂರದಿಂದ ಕಾಣದೆ ‘ಮನಾಏಖೇಳಿ’ ಎಂದಾಗುವುದು. ಕೈಕುಂಚದಿಂದ ಹಲಗೆ ಬರೆಯುವವರು ಒತ್ತಿಗೆ ನಡುವಣ ದಪ್ಪವನ್ನು ಕೊಟ್ಟು, ಸಾಲಿನ ಕೆಳಗೆ ಬಿಡಾರವನ್ನು ಹೆಚ್ಚಿಸಿ ಇದನ್ನು ಪರಿಹರಿಸಿಕೊಳ್ಳುತ್ತಾರೆ. ಗ್ರಂಥಗಳಲ್ಲಿ ಬರೆದಿರದ ಶಾಸ್ತ್ರವಿದು.

ಈ ಪ್ರಾಂತವು ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು, ಅಲ್ಲಿಯ ಸರಕಾರಿ ಬರಹವು ಉರ್ದುವಿನಲ್ಲಿ ನಡೆಯುತ್ತಿದ್ದಿತು. ೧೯೫೬ರ ನವೆಂಬರ್ ೧ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿದ ತರುವಾಯ ಕಚೇರಿಯ ಹಲಗೆಗಳಲ್ಲಿ ಕನ್ನಡವು ಮುಂದೆ ಬಂದಿತು. ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ೨೦೨೪ರಲ್ಲಿ ಆದ ತಿದ್ದುಪಡಿಯು ನಾಮಫಲಕಗಳಲ್ಲಿ ಶೇಕಡ ೬೦ರಷ್ಟು ಕನ್ನಡವಿರಬೇಕೆಂದು ವಿಧಿಸಿದೆ. ಕಾನೂನು ಅಳತೆಯನ್ನು ಹೇಳಬಲ್ಲದು. ಅಕ್ಷರದ ಒಳಬಯಲನ್ನು ಕಾಯಲಾರದು. ಗಣಕಯಂತ್ರದಲ್ಲಿ ದಪ್ಪದ ಜೊತೆಯಿಲ್ಲದ ಅಕ್ಷರಕ್ಕೆ ದಪ್ಪವನ್ನು ಬೇಡಿದಾಗ ಯಂತ್ರವು ಇದ್ದ ಗೆರೆಯ ಅಂಚನ್ನೇ ಸುತ್ತಲೂ ಸಮನಾಗಿ ಊದಿಸಿಬಿಡುತ್ತದೆ. ಕೊರೆತಗಾರನು ಬದಿಗೆ ಹಿಗ್ಗಿಸಿ ಉಳಿಸುತ್ತಿದ್ದ ಬಯಲು ಇದರಿಂದ ತುಂಬಿಹೋಗುತ್ತದೆ.

ಹೆಸರುಗಳ ವಿಷಯದಲ್ಲಿಯೂ ಗೊಂದಲವಿದೆ. ಇತ್ತೀಚೆಗೆ ಎಲ್ಲರಿಗೂ ದೊರೆಯುವ ನೋಟೋ ಅಕ್ಷರಕುಟುಂಬದಲ್ಲಿ ‘ಸೆರಿಫ್ ಕನ್ನಡ’, ‘ಸ್ಯಾನ್ಸ್ ಕನ್ನಡ’ ಎಂಬ ಎರಡು ಬಗೆಗಳುಂಟು. ಹಲವು ದಪ್ಪಗಳಲ್ಲಿ ಬೇರೆಬೇರೆಯಾಗಿಯೇ ರಚಿತವಾದ ಇವು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡಕ್ಕೂ ಇರುವ ಭೇದವು ಮುಖ್ಯವಾಗಿ ಗೆರೆಯ ದಪ್ಪ ತೆಳುಗಳ ಏರಿಳಿತದ್ದು. ಸೆರಿಫ್ ಎಂಬ ಅಂಗವು ಕನ್ನಡದ ಅಕ್ಷರಕ್ಕೆ ಇಲ್ಲ. ಈ ಹೆಸರನ್ನು ನಂಬಿ ತಲಕಟ್ಟನ್ನು ಸೆರಿಫ್ ಎಂದು ಭಾವಿಸಿದ ವಿನ್ಯಾಸಗಾರನು, ‘ಸ್ಯಾನ್ಸ್’ ಎಂದರೆ ಸೆರಿಫ್ ಇಲ್ಲದ್ದೆಂದು ತಲಕಟ್ಟನ್ನು ಮೊಟಕು ಮಾಡಹೊರಟರೆ, ‘ಮನ್ನಾಏಖೇಳ್ಳಿ’ಯ ಹಲಗೆಯಲ್ಲಿ ಉಳಿದಿರುವ ಒಂದೇ ಒಂದು ತಲಕಟ್ಟೂ ಹೋಗಿ, ಆ ಊರಿನ ಹೆಸರಿನ ಮೊದಲಕ್ಷರದ ಅಕಾರವು ಕಣ್ಣಿಗೆ ಕಾಣದಂತಾಗುವುದು.